ಪ್ರಭಾರ ಹೆಡ್ಮೇಡಂಗೆ ಇನ್ನೊಂದು ಪದವಿ ಏಕೆ?

ದಸರಾ ಮುಗಿಯುತ್ತಿದ್ದಂತೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು, ಕೆಲವರು ಕಾಫಿ ತೋಟಗಳಿಗೆ. ದೊಡ್ಡವರ ಹಿಂದೆ ಮಕ್ಕಳೂ ಹೊರಡುತ್ತವೆ. “ಅಕ್ಕೋರೇ, ಉಗಾದಿಗೆ ಬರ್ತೀವ್ರಿ” ಎಂದು ಹೇಳಿಹೋದ ನಾಲ್ಕನೇ ಇಯತ್ತೆಯ ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿದೆ, ಹುಡುಗಿ ಇಲ್ಲ. ನೀವು ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಇಲ್ಲವೆ, ನಮ್ಮಲ್ಲಿ ಎಷ್ಟೋ ಕಡೆ ಇರುವಂತೆ, ಬರೀ ‘ಪ್ರಭಾರ’. ಏನು ಮಾಡುತ್ತೀರಿ?

ಸರಕಾರದ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಆ ಹುಡುಗಿಗೊಂದು ಸಂಖ್ಯೆಯಿದೆ. ಮೇಲಿನವರು ಕೇಳುತ್ತಾರೆಂದು ನಾವು ಅದನ್ನು ತುಂಬುತ್ತೇವೆ, ನೆಟ್‌ವರ್ಕ್ ಸಿಗದಿದ್ದರೆ ಬೈದುಕೊಳ್ಳುತ್ತೇವೆ, ಅಷ್ಟೆ. ಆದರೆ ಅದೇ ಸಂಖ್ಯೆ ಹಿಡಿದು ಕಬ್ಬಿನ ಗದ್ದೆಯ ಹತ್ತಿರದ ಶಾಲೆಗೆ ಫೋನ್ ಮಾಡಿ, “ಈ ಮಗು ಕಳೆಯುವ ಲೆಕ್ಕದವರೆಗೆ ಬಂದಿದೆ, ಕೂರಿಸಿಕೊಳ್ಳಿ ಸರ್” ಎನ್ನಬಹುದಲ್ಲ! ಶಾಲಾ ನಾಯಕತ್ವ, ಶಿಕ್ಷಣ ತಂತ್ರಜ್ಞಾನ ಎಂಬ ದೊಡ್ಡ ಹೆಸರುಗಳ ಹಿಂದಿರುವ ವಿದ್ಯೆ ಬಹುಪಾಲು ಇದೇ. ಕಂಪ್ಯೂಟರ್ ಒತ್ತಲು ಮನೆಯ ಹುಡುಗರೇ ಕಲಿಸಿಯಾರು. ಅದು ಯಾವ ಮಗುವಿಗಾಗಿ, ಯಾವಾಗ ಎಂದು ತೀರ್ಮಾನಿಸುವುದಕ್ಕೆ ಓದು ಬೇಕು.

ಇದೇನೂ ನಿನ್ನೆ ಮೊನ್ನೆಯ ಮಾತಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು, ಅದರಲ್ಲಿ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಚೌಕ ಬಂತು. ಪೆಟ್ಟಿಗೆ ಬದಲಾಗಿದೆ, ನೋಡಿದ ಮೇಲೆ ಮಕ್ಕಳನ್ನು ಮಾತಾಡಿಸಬೇಕಾದವರು ಅಂದೂ ಇಂದೂ ಟೀಚರೇ.

ಓದುವುದು ಎಲ್ಲಿ ಅಂತೀರಾ? ಎಂ.ಇಡಿ. 2015ರಲ್ಲಿ ಎರಡು ವರ್ಷದ್ದಾಯಿತು. ಕೊಟ್ಟೂರಿನಿಂದಲೋ ಹಗರಿಬೊಮ್ಮನಹಳ್ಳಿಯಿಂದಲೋ ದಿನಾ ಬಳ್ಳಾರಿಗೆ ಹೋಗಿಬಂದು ಓದುವುದು ನೌಕರಿಯಲ್ಲಿರುವ ಸಂಸಾರಸ್ಥೆಗೆ ಆಗುವ ಮಾತಲ್ಲ. ಅಂಥವರಿಗೆ ಇಗ್ನೋದ ಶಿಕ್ಷಣಶಾಸ್ತ್ರದ ಎಂ.ಎ. ಇದೆ. ಅದರಲ್ಲಿ ಶಿಕ್ಷಣ ತಂತ್ರಜ್ಞಾನ, ಶಿಕ್ಷಣ ನಿರ್ವಹಣೆ ಬೇರೆ ಬೇರೆ ವಿಶೇಷ ವಿಷಯಗಳು. ಒಂದನ್ನು ಆರಿಸಿಕೊಂಡು ಇನ್ನೊಂದರ ಪುಸ್ತಕ ತರಿಸಿ ಓದಿಕೊಳ್ಳಿ. ಪುಸ್ತಕಗಳು ಇಂಗ್ಲಿಷ್, ಹಿಂದಿಯಲ್ಲಿವೆ ಎಂಬುದೇ ದೊಡ್ಡ ತೊಡಕು. ಕನ್ನಡ ಮಾಧ್ಯಮದಲ್ಲಿ ಓದಿ ಚೆನ್ನಾಗಿ ಪಾಠ ಮಾಡುವ ಎಷ್ಟೋ ಹೆಣ್ಣುಮಕ್ಕಳು ಇಲ್ಲೇ ಹಿಂದೆ ಸರಿಯುತ್ತಾರೆ. ಇದು ನ್ಯಾಯವಲ್ಲ, ಆದರೂ ಇಬ್ಬರು ಗೆಳತಿಯರು ಕೂಡಿ ಓದಿದರೆ ಅರ್ಧ ಭಯ ಹೋಗುತ್ತದೆ.

ಒಮ್ಮೆಲೇ ಎಂ.ಎ. ಬೇಡವೆನ್ನುವವರು ಸಣ್ಣದರಿಂದ ಶುರುಮಾಡಬಹುದು. ದಿಲ್ಲಿಯ ನೀಪಾ ಸಂಸ್ಥೆಯ ಶಾಲಾ ನಾಯಕತ್ವ ಕೇಂದ್ರ ನಡೆಸುವ ಆನ್‌ಲೈನ್ ಕೋರ್ಸಿಗೆ ದುಡ್ಡಿಲ್ಲ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆಂದೇ ಧಾರವಾಡದಲ್ಲಿ ಸಿಸ್ಲೆಪ್ ಇದೆ.

ಹಣ ಕಟ್ಟುವ ಮೊದಲು ಮಾತ್ರ ಮಾನ್ಯತೆ ವಿಚಾರಿಸಿ. ಎಂ.ಇಡಿ.ಗೆ ಎನ್‌ಸಿಟಿಇ, ದೂರಶಿಕ್ಷಣಕ್ಕೆ ಯುಜಿಸಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಂಥ ದೊಡ್ಡ ಸಂಸ್ಥೆಯ ಮಾನ್ಯತೆಯೇ ಮಧ್ಯೆ ಕೆಲವು ವರ್ಷ ನಿಂತುಹೋಗಿ 2018ರಲ್ಲಿ ಮರಳಿ ಬಂತು. ಆ ನಡುವೆ ಸೇರಿದವರು ಸರ್ಟಿಫಿಕೇಟ್ ಹಿಡಿದು ಅಲೆದದ್ದನ್ನು ಮರೆಯಲಾದೀತೆ?

ಮನೆಯಲ್ಲೂ ಮೊದಲೇ ಹೇಳಿಡಿ. ಇಗ್ನೋ ಪರೀಕ್ಷೆ ಬರುವುದು ಜೂನ್, ಡಿಸೆಂಬರ್‌ನಲ್ಲಿ. ಜೂನ್ ಎಂದರೆ ಶಾಲೆ ಆಗತಾನೆ ಶುರು, ದಾಖಲಾತಿಯ ಗಲಾಟೆ. ಆ ಹದಿನೈದು ದಿನ ರೊಟ್ಟಿ ಬಡಿಯುವ ಕೆಲಸ ಅತ್ತೆಯದೋ ಯಜಮಾನರದೋ ಈಗಲೇ ತೀರ್ಮಾನವಾಗಲಿ.

ಎಂ.ಎ. ಓದುವವರು ಒಂದು ಪ್ರಬಂಧವನ್ನೂ ಬರೆಯಬೇಕಾಗುತ್ತದೆ. ಅದಕ್ಕೆ ವಿಷಯ ಹುಡುಕಿಕೊಂಡು ದೂರ ಹೋಗಬೇಡಿ. ಹೋದ ವರ್ಷ ದಸರೆಯ ನಂತರ ಎಷ್ಟು ಮಕ್ಕಳು ಹೊರಟರು, ಅವರಲ್ಲಿ ಎಷ್ಟು ಮಂದಿ ಬೇರೆ ಶಾಲೆಯಲ್ಲಿ ಕೂತರು, ಎಷ್ಟು ಮಂದಿ ಉಗಾದಿಗೆ ನಿಜವಾಗಿ ತಿರುಗಿ ಬಂದರು? ಹಾಜರಿ ಪುಸ್ತಕ ನಿಮ್ಮ ಬೀರುವಿನಲ್ಲೇ ಇದೆಯಲ್ಲ.