ದೋಣಿಯ ಬಾಲದಲ್ಲಿರುವ ತಿರುಪು

ಕಾರು ನಡೆಸಿ ಪಳಗಿದವರು ಮೊದಲ ಬಾರಿಗೆ ಯಂತ್ರದ ದೋಣಿಯನ್ನು ಕೊಂಡು ನೀರಿಗಿಳಿಸಿದಾಗ ಅವರನ್ನು ಒಂದು ವಿಸ್ಮಯ ಕಾದಿರುತ್ತದೆ. ಧಕ್ಕೆಯ ಮಗ್ಗುಲಿನಿಂದ ಹೊರಡಲೆಂದು ಚುಕ್ಕಾಣಿಯನ್ನು ತಿರುಗಿಸಿದರೆ ದೋಣಿಯ ಮೂತಿ ನೀರಿನತ್ತ ಹೊರಳುವುದೇನೋ ನಿಜ. ಆದರೆ ಅದೇ ಕ್ಷಣದಲ್ಲಿ ಹಿಂಬದಿಯು ಧಕ್ಕೆಯ ಕಲ್ಲಿಗೆ ಬಡಿಯುತ್ತದೆ. ಕಾರಿನಲ್ಲಿ ಮುಂದಿನ ಗಾಲಿಗಳು ದಾರಿ ತೋರುತ್ತವೆ, ಹಿಂದಿನವು ಅನುಸರಿಸುತ್ತವೆ. ದೋಣಿಯಲ್ಲಾದರೋ ತಳ್ಳುವ ಪ್ರೊಪೆಲರೂ ತಿರುಗಿಸುವ ಚುಕ್ಕಾಣಿಯೂ ಹಿಂದೆಯೇ ಇರುವುದರಿಂದ ಮೊದಲು ಸರಿಯುವುದು ಬಾಲ. ಸಾಲದುದಕ್ಕೆ, ಅದಕ್ಕೆ ಬ್ರೇಕೂ ಇಲ್ಲ. ನಿಲ್ಲಿಸಬೇಕಾದರೆ ಪ್ರೊಪೆಲರನ್ನು ಹಿಮ್ಮುಖವಾಗಿ ತಿರುಗಿಸಬೇಕು. ಹೊಸಬರ ನಿಜವಾದ ಪರೀಕ್ಷೆ ಪ್ರಾರಂಭವಾಗುವುದು ಇಲ್ಲಿಯೇ.

ಪ್ರೊಪೆಲರ್ ನೀರನ್ನು ಹಿಂದಕ್ಕೆ ಎಸೆಯುತ್ತದೆ, ಅದರ ಪ್ರತಿಕ್ರಿಯೆಯಿಂದ ದೋಣಿ ಮುಂದೆ ಸಾಗುತ್ತದೆ ಎಂಬುದನ್ನು ನ್ಯೂಟನ್ನನ ಮೂರನೆಯ ನಿಯಮವನ್ನು ಓದಿದವರೆಲ್ಲ ಬಲ್ಲರು. ಆದರೆ ಅದು ಎಸೆಯುವ ನೀರು ನೇರವಾಗಿ ಹೋಗದೆ ಸುರುಳಿಯಾಗಿ ಸುತ್ತುತ್ತ ಹೋಗುತ್ತದೆ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಪ್ರೊಪೆಲರನ್ನು ಹಿಮ್ಮುಖವಾಗಿ ನಡೆಸಿದೆವೆನ್ನೋಣ. ಈಗ ಸುರುಳಿನೀರು ದೋಣಿಯ ಕಡೆಗೇ ನುಗ್ಗುತ್ತದೆ. ಬಲಗಡೆಯಲ್ಲಿ ಅಲಗುಗಳು ಮೇಲಕ್ಕೇರುತ್ತಿರುವುದರಿಂದ ಅಲ್ಲಿಯ ನೀರು ದೋಣಿಯ ಬಲಮಗ್ಗುಲಿಗೆ ಅಪ್ಪಳಿಸುತ್ತದೆ. ಎಡಗಡೆಯದು ಕೆಳಕ್ಕಿಳಿದು ತಳದಡಿಯಲ್ಲಿ ಹಾದುಹೋಗುತ್ತದೆ. ಹೀಗಾಗಿ ಹಿಂಬದಿಯು ಎಡಕ್ಕೆ ಎಳೆಯಲ್ಪಡುತ್ತದೆ. ನಿಧಾನವಾಗಿರುವಾಗ ಚುಕ್ಕಾಣಿಯಿಂದ ಇದನ್ನು ತಡೆಯುವುದು ಕಷ್ಟ. ಪ್ರೊಪೆಲರಿನ ಪ್ರವಾಹವು ಆಗ ಅದರ ಮೇಲೆ ಬೀಳುವುದೇ ಇಲ್ಲವಷ್ಟೆ. ದೋಣಿಯ ಒಳಗೆ ಯಂತ್ರವಿದ್ದು ಪ್ರೊಪೆಲರಿನ ದಂಡವು ಸ್ಥಿರವಾಗಿರುವ ದೋಣಿಗಳಲ್ಲಿ ಈ ಸೆಳೆತ ಹೆಚ್ಚು.

ಇದನ್ನು ದೋಷವೆಂದು ಹಳಿಯುವುದು ನಮಗೆ ಸರಿತೋರುವುದಿಲ್ಲ. ಅನುಭವಿಗಳು ಇಂಥ ದೋಣಿಯನ್ನು ಎಡಮಗ್ಗುಲು ಧಕ್ಕೆಗೆ ತಾಗುವಂತೆ ಓರೆಯಾಗಿ ತಂದು, ಕೊನೆಯಲ್ಲಿ ಸ್ವಲ್ಪ ಹಿಮ್ಮುಖ ಕೊಡುತ್ತಾರೆ. ದೋಣಿ ನಿಲ್ಲುತ್ತದೆ, ಬಾಲವೂ ತಾನಾಗಿ ಧಕ್ಕೆಗೆ ಒರಗುತ್ತದೆ. ನಿಮ್ಮ ದೋಣಿಯ ಸ್ವಭಾವವೇನೆಂದು ತಿಳಿಯಬೇಕೆ? ಅದನ್ನು ಕಟ್ಟಿರುವಾಗಲೇ ಮೆಲ್ಲಗೆ ಹಿಮ್ಮುಖ ಗೇರು ಹಾಕಿ. ಯಾವ ಮಗ್ಗುಲಲ್ಲಿ ನೀರು ಹೆಚ್ಚು ಕಲಕಿ ಬರುವುದೋ ಬಾಲವು ಅದರ ವಿರುದ್ಧ ದಿಕ್ಕಿಗೆ ಸರಿಯುವುದು.

ವೇಗ ಹೆಚ್ಚಿದಾಗ ಬೇರೊಂದು ತೊಡಕು. 1894ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ತನ್ನ ಉಗಿ ಟರ್ಬೈನನ್ನು 'ಟರ್ಬೀನಿಯ' ಎಂಬ ನೌಕೆಯಲ್ಲಿ ಅಳವಡಿಸಿ ನೋಡಿದನು. ಶಕ್ತಿಗೆ ಕೊರತೆಯಿರಲಿಲ್ಲ, ಆದರೂ ವೇಗ 20 ನಾಟನ್ನು ಮುಟ್ಟಲಿಲ್ಲ. ಪ್ರೊಪೆಲರ್ ಅತಿವೇಗದಿಂದ ತಿರುಗುತ್ತಿದ್ದುದರಿಂದ ಅಲಗಿನ ಮುಂಬದಿಯಲ್ಲಿ ಒತ್ತಡ ಕುಸಿದು, ತಣ್ಣೀರೇ ಕುದಿದು ಆವಿಯ ಗುಳ್ಳೆಗಳಾಗುತ್ತಿತ್ತು. ಗುಳ್ಳೆಗಳ ನಡುವೆ ಅಲಗಿಗೆ ಹಿಡಿತವೆಲ್ಲಿಯದು? ಒಂದು ದಂಡದ ಬದಲು ಮೂರು ದಂಡಗಳಿಗೆ ಒಟ್ಟು 9 ಪ್ರೊಪೆಲರುಗಳನ್ನು ಜೋಡಿಸಿದ ಮೇಲೆ, 1897ರಲ್ಲಿ ಅದೇ ನೌಕೆ 34 ನಾಟುಗಳನ್ನು, ಎಂದರೆ ಗಂಟೆಗೆ ಸುಮಾರು 63 ಕಿಲೋಮೀಟರನ್ನು, ಮೀರಿತು. ಈ ಗುಳ್ಳೆಗಳು ಒಡೆಯುವಾಗಿನ ಆಘಾತವು ಲೋಹವನ್ನೂ ಕೊರೆದುಹಾಕಬಲ್ಲುದು. ಚಿಕ್ಕ ದೋಣಿಯಲ್ಲಿ ಅಲಗು ಬಾಗಿದ್ದರೆ ಅಥವಾ ಅಂಚು ಮುರಿದಿದ್ದರೆ ಇದೇ ಪೀಡೆ ತಲೆದೋರುತ್ತದೆ. ಆದರೆ ಬಿರುಸಾಗಿ ತಿರುಗಿದಾಗ ಯಂತ್ರ ಅಬ್ಬರಿಸಿ ದೋಣಿ ಮಾತ್ರ ಮುಂದೆ ಹೋಗದಿದ್ದರೆ, ಅದು ಹೆಚ್ಚಾಗಿ ಆವಿಯಲ್ಲ. ಮೇಲಿನಿಂದ ಸೆಳೆಯಲ್ಪಟ್ಟ ಗಾಳಿ. ವೇಗವನ್ನಿಳಿಸಿದರೆ ಹಿಡಿತ ಮರಳುತ್ತದೆ. ಪದೇ ಪದೇ ಹೀಗಾದರೆ ಮೋಟಾರನ್ನು ತೀರ ಮೇಲಕ್ಕೆ ಕೂರಿಸಿಲ್ಲವೇ ಎಂದು ನೋಡಬೇಕು.

ಇವೆಲ್ಲ ಹಣದ, ಅಭಿಮಾನದ ಮಾತಾಯಿತು. ಪ್ರಾಣದ ಮಾತು ಬೇರೆ. ಮೋಟಾರು ನಿಮಿಷಕ್ಕೆ 800 ಸುತ್ತು ಮಾತ್ರ ತಿರುಗುತ್ತಿದೆ, ಗೇರು ಅದನ್ನು ಅರ್ಧಕ್ಕಿಳಿಸಿದೆ ಎನ್ನೋಣ. ಮೂರು ಅಲಗಿನ ಪ್ರೊಪೆಲರಾದರೆ ಆಗಲೂ ಒಂದೇ ಸೆಕೆಂಡಿನಲ್ಲಿ 20 ಅಲಗುಗಳು ಒಂದೆಡೆ ಹಾದುಹೋಗುತ್ತವೆ! ಯಾರಾದರೂ ನೀರಿಗೆ ಬಿದ್ದರೆ ಬಾಲವನ್ನು ಅವರಿಂದ ದೂರ ತಿರುಗಿಸಬೇಕು. ಅವರನ್ನು ಮೇಲೆತ್ತುವ ಮುನ್ನ ಯಂತ್ರವನ್ನು ಪೂರ್ತಿ ನಿಲ್ಲಿಸಬೇಕು. ನ್ಯೂಟ್ರಲಿನಲ್ಲಿಯೂ ಪ್ರೊಪೆಲರ್ ಮೆಲ್ಲಗೆ ತಿರುಗುತ್ತಿರಬಹುದು. ನಡೆಸುವವನೇ ಬಿದ್ದರೆ ಯಂತ್ರ ತಾನಾಗಿ ನಿಲ್ಲುವಂತೆ ಒಂದು ಹುರಿಯನ್ನು ಜೊತೆಗೆ ಕೊಟ್ಟಿರುತ್ತಾರೆ. ಅದನ್ನು ಕಟ್ಟಿಕೊಳ್ಳದೆ ಹೊರಡುವುದು ಮೂರ್ಖತನ.

ನಮ್ಮ ಕರಾವಳಿಯಂಥ ಮೀನುಗಾರಿಕೆಯ ನೀರಿನಲ್ಲಿ ಬಲೆಯ ಚೂರೋ ಹಗ್ಗವೋ ಅಲಗಿಗೆ ಸುತ್ತಿಕೊಳ್ಳುವುದುಂಟು. ಯಂತ್ರವನ್ನು ನಿಲ್ಲಿಸಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಚಾಚಬೇಕು. ದಡಕ್ಕೆ ಬಂದ ನಂತರ ಪ್ರೊಪೆಲರನ್ನು ಕಳಚಿ ಅದರ ಹಿಂದೆ ಗಾಳದ ದಾರವೇನಾದರೂ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಅಷ್ಟು ತೆಳುವಾದ ದಾರವೂ ಎಣ್ಣೆಯನ್ನು ತಡೆಹಿಡಿದಿರುವ ರಬ್ಬರು ಬಳೆಯನ್ನು ಕತ್ತರಿಸಬಲ್ಲುದು. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆಯೆಂದೇ ಅರ್ಥ.