ಒಂದಕ್ಷರದ ತಿದ್ದುಪಡಿ

ಸಾಫ್ಟ್‌ವೇರ್ ಪ್ಯಾಕೇಜಿನ ಇಂಗ್ಲಿಷ್ ಕೈಪಿಡಿಯಲ್ಲಿ ಒಂದು ಕಾಗುಣಿತ ತಿದ್ದಿದರೆ ಆ ವಾಕ್ಯದ ಅನುವಾದವೇ ಮಾಯವಾಗುವುದೇಕೆ?

ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳಲ್ಲಿ ಅನುವಾದ ಹೆಚ್ಚಾಗಿ ನಡೆಯುವುದು ಗೆಟ್‌ಟೆಕ್ಸ್ಟ್ ಮಾದರಿಯ ಕಡತಗಳಲ್ಲಿ. ಅಲ್ಲಿ ಪ್ರತಿ ಅನುವಾದಕ್ಕೂ ಮೂಲ ಇಂಗ್ಲಿಷ್ ವಾಕ್ಯವೇ ಗುರುತು. ಬೇರೆ ಕ್ರಮಸಂಖ್ಯೆ ಇರುವುದಿಲ್ಲ. ಪಹಣಿಯಲ್ಲಿ ‘ರಾಮಯ್ಯ’, ಆಧಾರ್‌ನಲ್ಲಿ ‘ರಾಮಯ’ ಎಂದಿದ್ದರೆ ಆಸಾಮಿ ಒಬ್ಬನೇ ಆದರೂ ಅರ್ಜಿ ನಿಂತುಬಿಡುತ್ತದಲ್ಲ, ಹಾಗೆಯೇ ಇದೂ. ‘ಇ-ಮೇಲ್’ ನಡುವಿನ ಅಡ್ಡಗೆರೆ ತೆಗೆದರೂ ಯಂತ್ರಕ್ಕೆ ಅದು ಹೊಸ ವಾಕ್ಯ. ಹಳೆಯ ಅನುವಾದಕ್ಕೆ ‘ಫಜಿ’, ಅಂದರೆ ಅನುಮಾನಾಸ್ಪದ, ಎಂಬ ಮುದ್ರೆ ಬೀಳುತ್ತದೆ. ಅನುವಾದಕರು ಮತ್ತೆ ನೋಡಿ ಒಪ್ಪುವವರೆಗೆ ಓದುಗರಿಗೆ ಕಾಣುವುದು ಇಂಗ್ಲಿಷೇ.

ಹೀಗಾಗಿ ಕಾಗುಣಿತವನ್ನೂ ಪದಬಳಕೆಯನ್ನೂ ಅನುವಾದಕ್ಕೆ ಕೊಡುವ ಮುನ್ನವೇ ಹದಕ್ಕೆ ತರುವುದು ಲೇಸು. ಡೆಬಿಯನ್‌ನ ಪರೀಕ್ಷಕ ಲಿಂಟಿಯನ್ ಸಾಮಾನ್ಯ ಕಾಗುಣಿತ ತಪ್ಪುಗಳನ್ನು ಹಿಡಿಯುತ್ತದೆ. ಒಂದೇ ವಸ್ತುವಿಗೆ ಎರಡು ಹೆಸರು ಬಂದಿದ್ದರೆ ಅದನ್ನು ಹೆಚ್ಚಾಗಿ ಮನುಷ್ಯರ ಕಣ್ಣೇ ಹಿಡಿಯಬೇಕು.