ಲಂಬಾಣಿ ನುಡಿ: ಒಂದು ಪರಿಚಯ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಲೆಗಳಿಗೆ ತಾಂಡಾಗಳಿಂದ ಬರುವ ಮಕ್ಕಳು ಅನೇಕರು. ಅವರು ಪಾಠವನ್ನು ಕನ್ನಡದಲ್ಲಿ ಓದುತ್ತಾರೆ. ಮನೆಗೆ ಮರಳಿದೊಡನೆ ತಾಯಿಯನ್ನು ‘ಯಾಡಿ’ ಎಂದು ಕರೆಯುತ್ತಾರೆ. ಆ ಮನೆಮಾತೇ ಲಂಬಾಣಿ. ಅದನ್ನಾಡುವವರು ತಮ್ಮನ್ನು ‘ಗೋರ್’ ಎಂದೂ ತಮ್ಮ ಮಾತನ್ನು ‘ಗೋರ್ ಬೋಲಿ’ ಎಂದೂ ಹೇಳಿಕೊಳ್ಳುತ್ತಾರೆ. “ಅದಕ್ಕೆ ಲಿಪಿಯಿಲ್ಲ, ಆದುದರಿಂದ ಅದು ಭಾಷೆಯಲ್ಲ” ಎಂಬ ಮಾತು ಆಗಾಗ್ಗೆ ಕೇಳಿಬರುವುದುಂಟು. ಅದು ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದ ಸಂಗತಿ.

ಕನ್ನಡವು ದ್ರಾವಿಡ ಕುಲಕ್ಕೆ ಸೇರಿದ್ದರೆ, ಲಂಬಾಣಿಯು ಇಂಡೋ-ಆರ್ಯನ್ ವರ್ಗಕ್ಕೆ ಸೇರಿದೆ. ರಾಜಸ್ಥಾನಿ, ಗುಜರಾತಿಗಳಿಗೆ ಹತ್ತಿರದ್ದು. ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ಸಂಚರಿಸುತ್ತಿದ್ದ ಈ ಜನರೊಡನೆ ಅದು ದಕ್ಷಿಣಕ್ಕೆ ಬಂದಿತು. 19ನೆಯ ಶತಮಾನದಲ್ಲಿ ರಸ್ತೆ, ರೈಲುಗಳು ಹರಡಿದಂತೆ ಆ ವ್ಯಾಪಾರ ಕುಸಿಯಿತು. ಅಲೆಮಾರಿಗಳು ತಾಂಡಾಗಳಲ್ಲಿ ನೆಲೆನಿಂತರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು 1739ರಲ್ಲಿ ಜನಿಸಿದರೆಂದು ಹೇಳಲಾಗುವ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾಗಿದೆ. ಫೆಬ್ರವರಿಯ ಜಯಂತಿಗೆ ನೆರೆರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಒಬ್ಬರ ಮಾತಿನಲ್ಲಿ ತೆಲುಗು ಬೆರೆತಿದ್ದರೂ ಇನ್ನೊಬ್ಬರ ಮಾತಿನಲ್ಲಿ ಮರಾಠಿ ಬೆರೆತಿದ್ದರೂ ಪರಸ್ಪರ ಸಂಭಾಷಣೆಗೆ ಬಹುಮಟ್ಟಿಗೆ ಅಡ್ಡಿಯಾಗದು.

ಈ ನುಡಿಗೆ ತನ್ನದೇ ಆದ ವ್ಯಾಕರಣವಿದೆ. ಕನ್ನಡದಲ್ಲಿರುವ ನಪುಂಸಕಲಿಂಗ ಇಲ್ಲಿಲ್ಲ, ಪುಲ್ಲಿಂಗ, ಸ್ತ್ರೀಲಿಂಗಗಳೆರಡೇ. ಗಂಡು ಕುದುರೆ ‘ಘೋಡೋ’, ಹೆಣ್ಣು ‘ಘೋಡಿ’. ವಾಕ್ಯದ ಕ್ರಮ ಮಾತ್ರ ಕನ್ನಡದಂತೆಯೇ ಕರ್ತೃ, ಕರ್ಮ, ಕ್ರಿಯಾಪದ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ ಇದನ್ನು ವಿವರಿಸಿತು. 1970ರಲ್ಲಿ ಟ್ರೇಲ್ ಎಂಬ ವಿದ್ವಾಂಸರ ಲಮಾಣಿ ವ್ಯಾಕರಣ ಪ್ರಕಟವಾಯಿತು. ಹೋಳಿಯ ‘ಲೇಂಗಿ’, ಮದುಮಗಳು ತವರನ್ನಗಲುವಾಗ ಹಾಡುವ ‘ಢಾವಲೋ’ ಮುಂತಾದ ಹಾಡುಗಳಲ್ಲಿ ಅದರ ಸಾಹಿತ್ಯ ಕಂಠಸ್ಥವಾಗಿ ಉಳಿದುಬಂದಿದೆ.

ಇನ್ನು ಲಿಪಿಯ ಮಾತು. ಲಂಬಾಣಿಯನ್ನು ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿಯೂ ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿಯೂ ಬರೆಯುತ್ತಾರೆ. ಹಲವು ಲಿಪಿಗಳಲ್ಲಿ ಬರೆಯಲ್ಪಡುವ ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಆದರೆ ಲಂಬಾಣಿಗೆ ಆ ಸ್ಥಾನ ದೊರೆತಿಲ್ಲ. 2011ರ ಜನಗಣತಿಯಲ್ಲಿ ಇದನ್ನು ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು 33 ಲಕ್ಷ. ಆ ಸಂಖ್ಯೆಯನ್ನು ಹಿಂದಿಯ ಒಳಗೆ ಸೇರಿಸಿ ಎಣಿಸಲಾಗಿದೆ.

ದೊಡ್ಡ ನುಡಿಯೊಂದರ ನೆರಳಿನಲ್ಲಿ ಹೀಗೆ ಎಣಿಕೆಯಾಗುವುದು ಬೇರೆಡೆಯೂ ನಡೆದಿದೆ. ಉಕ್ರೇನಿ ಭಾಷೆಗೆ ಲಿಪಿಯೂ ಇತ್ತು, ಅಚ್ಚಾದ ಕಾವ್ಯಗಳೂ ಇದ್ದವು. ಆದರೂ ರಷ್ಯದ ಸಾಮ್ರಾಜ್ಯವು ಅದನ್ನು ರಷ್ಯನ್ನಿನ ಉಪಭಾಷೆಯೆಂದೇ ಬಗೆಯಿತು. 1863ರಲ್ಲಿ ಅದರ ಧಾರ್ಮಿಕ ಹಾಗೂ ಶಾಲಾ ಪುಸ್ತಕಗಳಿಗೆ ತಡೆ ಬಿದ್ದಿತು. 1876ರ ಆಜ್ಞೆ ನಿರ್ಬಂಧವನ್ನು ಇನ್ನಷ್ಟು ಬಿಗಿಗೊಳಿಸಿತು. ಹಳ್ಳಿಯ ಮನೆಗಳಲ್ಲಿ ಆಡುತ್ತ, ಹಾಡುತ್ತ ಬಂದ ಆ ನುಡಿ 1996ರ ಸಂವಿಧಾನದಲ್ಲಿ ಉಕ್ರೇನಿನ ರಾಜ್ಯಭಾಷೆಯಾಯಿತು. ಲಿಪಿಯಿದ್ದ ಮಾತ್ರಕ್ಕೆ ಮನ್ನಣೆ ದೊರೆಯುವುದಿಲ್ಲ. ಮನ್ನಣೆಯಿಲ್ಲದ ಮಾತ್ರಕ್ಕೆ ನುಡಿ ನುಡಿಯಲ್ಲದೆ ಹೋಗುವುದೂ ಇಲ್ಲ.

ಲಂಬಾಣಿಗೆ ಇಂದು ಯಾವ ನಿಷೇಧವೂ ಇಲ್ಲ. ಆತಂಕ ಬೇರೆ ದಿಕ್ಕಿನಿಂದ ಬಂದಿದೆ. ಸಹಪಾಠಿಗಳು ನಕ್ಕಾರೆಂಬ ಸಂಕೋಚದಿಂದ ಮಗು ತನ್ನ ಮಾತನ್ನು ತರಗತಿಯಲ್ಲಿ ಅಡಗಿಸುತ್ತದೆ. ಬೆಳೆದು ಪೇಟೆ ಸೇರಿದ ಮೇಲೆ ತನ್ನ ಮಕ್ಕಳೊಡನೆಯೂ ಅದನ್ನಾಡದೆ ಬಿಡುತ್ತದೆ. ಹೀಗೆ ಎರಡೇ ತಲೆಮಾರಿನಲ್ಲಿ ಒಂದು ಮನೆಯಿಂದ ನುಡಿ ಮರೆಯಾಗಬಹುದು. ಉಪಾಧ್ಯಾಯರು ‘ಯಾಡಿ’ ಎಂದರೇನೆಂದು ಇಡೀ ತರಗತಿಗೆ ಆ ಮಗುವಿನಿಂದಲೇ ಹೇಳಿಸಿದರೆ, ಅಜ್ಜಿಯ ಹಾಡೊಂದನ್ನು ಕನ್ನಡ ಲಿಪಿಯಲ್ಲಿ ಬರೆದುತರಲು ಸೂಚಿಸಿದರೆ, ಆ ಸಂಕೋಚ ಕರಗುವುದು. ಕನ್ನಡದ ಕಲಿಕೆಗೆ ಇದರಿಂದ ಕುಂದಿಲ್ಲ. ತನ್ನ ನುಡಿಗೆ ಗೌರವ ಕಂಡ ಮಗು ಕನ್ನಡವನ್ನೂ ಪ್ರೀತಿಯಿಂದಲೇ ಕಲಿಯುವುದು.